ನರಕದ ಗಾಡಿ ಕಟ್ಟಿದ ಡ್ರೈವರ್ ಕಾಕಾ

ಸಂಶಿಯ ಬಸ್ ನಿಲ್ದಾಣದ ಎದುರು ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅವರಿಗೆ ಕೋಡು ಬಂದಿದ್ದವು. ತಪ್ಪು ಫ್ಲೆಕ್ಸ್ ಅಂಗಡಿಯವನದಲ್ಲ. ಮನೆಯೆಲ್ಲ ಹುಡುಕಿದರೂ ಅವರು ಒಬ್ಬರೇ ಇರುವ ಫೋಟೋ ಸಿಗಲಿಲ್ಲ. ಇದ್ದ ಎಲ್ಲ ಫೋಟೋಗಳಲ್ಲೂ ತಮ್ಮ ಗಾಡಿಗೆ ಆತುಕೊಂಡೇ ನಿಂತಿದ್ದರು. ಆ ಗಾಡಿಯ ಮೂತಿಗೆ ಕೋಣನ ತಲೆ ಇತ್ತು. ಎಷ್ಟು ಕತ್ತರಿಸಿದರೂ ಕೋಡಿನ ತುದಿಗಳು ಅವರ ಕಿವಿಯ ಮೇಲಿಂದ ಇಣುಕುತ್ತಲೇ ಉಳಿದವು. ಫ್ಲೆಕ್ಸ್ ಹಾಕಿಸಿದವರು ತಮ್ಮ ಹೆಸರುಗಳನ್ನು ತೀರಿಕೊಂಡವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡಿದ್ದರು. ಅವರು ಬದುಕಿದ್ದು ಅದನ್ನು ನೋಡಿದ್ದರೆ ಅಷ್ಟೂ ಜನರನ್ನು ಗಾಡಿಯ ಯಾವುದಾದರೂ ಮೂಲೆಯಲ್ಲಿ ಕುದಿಯುವ ಎಣ್ಣೆಗೆ ಹಾಕಿಸುತ್ತಿದ್ದರು.

ಊರಿನಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಡ್ರೈವರ್ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗಿಂತ ಹೆಚ್ಚಾಗಿ ನನಗೆ ಅವರ ಪರಿಚಯವಾದದ್ದು ಬಸ್ಸಿನಲ್ಲಿ. ಸಂಶಿಯಿಂದ ಕುಂದಗೋಳಕ್ಕೆ ಹೋಗುವ ಬೆಳಗಿನ ಬಸ್ಸು ಅವರದು, ಕುಂದಗೋಳದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ನನ್ನದು.

ಅವರು ಪ್ರಯಾಣಿಕರ ಕಡೆ ಎಂದೂ ತಿರುಗಿ ನೋಡಿದವರಲ್ಲ. ತಲೆಯ ಮೇಲಿನ ಕನ್ನಡಿಯಲ್ಲೇ ಎಲ್ಲರನ್ನೂ ನೋಡುತ್ತಿದ್ದರು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು, ಸ್ಟೀರಿಂಗ್ ಬಿಡದೆ ನೋಡಲಿಕ್ಕೆ ಅನುಕೂಲವೆಂದು. ಬಸ್ಸು ಸ್ವಲ್ಪ ತಡವಾಯಿತೋ, ದಾರಿಯ ಸಣ್ಣ ನಿಲ್ದಾಣಗಳು ಅವರ ಕಣ್ಣಿಗೆ ಬೀಳುವುದು ನಿಂತುಬಿಡುತ್ತಿತ್ತು. ಜನ ಕೈ ಎತ್ತುತ್ತಿದ್ದರು, ಕೂಗುತ್ತಿದ್ದರು, ಹಿಂದೆ ಓಡುತ್ತಿದ್ದರು. ಅವರು ಕನ್ನಡಿಯಲ್ಲಿ ಅದನ್ನು ನೋಡಿ, “ಓಡ್ಲಿ, ಮೈಗೆ ಚೊಲೋ” ಎನ್ನುತ್ತಿದ್ದರು. ಬಸ್ಸಿಗೆ ಟೈಮ್ ಇರುತ್ತದೆ, ಮನುಷ್ಯನಿಗೆ ಬರೀ ನೆಪ ಇರುತ್ತವೆ ಎಂಬುದು ಅವರ ಸಿದ್ಧಾಂತ. ಬಸ್ಸಿನೊಳಗೆ ಕೂತ ನಮಗೆಲ್ಲ ಅದು ಬಹಳ ಸರಿ ಎನಿಸುತ್ತಿತ್ತು. ಹೊರಗೆ ನಿಂತವರ ಅಭಿಪ್ರಾಯ ನಮಗೆ ತಿಳಿಯುತ್ತಿರಲಿಲ್ಲ.

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರ ಕೈಯಲ್ಲಿ ಒಂದೂ ಅಪಘಾತ ಆಗಲಿಲ್ಲವೆಂದು ಅಧಿಕಾರಿಯೊಬ್ಬರು ಹೊಗಳಿದರು. ಕಾಕಾ ಎದ್ದು ನಿಂತು, ಮಾಡಬೇಕೆಂದು ಬಹಳ ಸಲ ಅನಿಸಿತ್ತು, ಕನ್ನಡಿಯಲ್ಲಿ ಪ್ಯಾಸೆಂಜರ್ ಮುಖ ನೋಡಿದಾಗಲೆಲ್ಲ ಅನಿಸುತ್ತಿತ್ತು, ಆದರೆ ಮುಂದೆ ನಾನೇ ಕೂತಿದ್ದರಿಂದ ತಡೆದುಕೊಂಡೆ ಎಂದರು. ಎಲ್ಲರೂ ನಕ್ಕರು. ಅದು ನಗುವ ಮಾತಲ್ಲವೆಂದು ಗೊತ್ತಾಗಲು ಒಂದೆರಡು ವರ್ಷ ಬೇಕಾಯಿತು.

ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಮುಂದೆ ಕನ್ನಡಿ ಇಲ್ಲದ್ದಕ್ಕೆ ಕುತ್ತಿಗೆ ನೋಯುತ್ತಿತ್ತಂತೆ. ಒಂದು ದಿನ ಅಳಿಯನ ಮೊಬೈಲಿನಲ್ಲಿ ಪರದೇಶದ ಗಾಡಿಗಳ ವಿಡಿಯೋ ನೋಡಿದರು. ಹಳೆಯ ಕಾರನ್ನು ಕತ್ತರಿಸಿ, ಮುಂದೆ ಸಣ್ಣ ಗಾಲಿ, ಹಿಂದೆ ಭಾರಿ ಗಾಲಿ ಹಾಕಿ, ಎಂಜಿನ್ನನ್ನು ಹೊರಗೆ ಹೊಳೆಯುವಂತೆ ಬಿಟ್ಟು, ಮೈತುಂಬ ಬೆಂಕಿಯ ಚಿತ್ರ ಬರೆಸಿ, ಎಲ್ಲಿಗೂ ಹೋಗದೆ ಬರೀ ತೋರಿಸಲಿಕ್ಕೆಂದೇ ಇಟ್ಟುಕೊಳ್ಳುವ ಗಾಡಿಗಳು. ಎಲ್ಲಿಗೂ ಹೋಗಬೇಕಿಲ್ಲ ಎಂಬುದೇ ಅವರಿಗೆ ಹಿಡಿಸಿತು. ಯಾರನ್ನೂ ಹತ್ತಿಸಿಕೊಳ್ಳಬೇಕಾಗಿಲ್ಲದ ಗಾಡಿಯ ಕನಸು ಡ್ರೈವರನಿಗಲ್ಲದೆ ಇನ್ಯಾರಿಗೆ ಬೀಳಬೇಕು.

ಅಣ್ಣಿಗೇರಿಯ ಅರಳೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಒಂದು ಹಳೆಯ ಜೀಪು ಬಿದ್ದಿತ್ತು. ಅದನ್ನು ಎಳೆದುಕೊಂಡು ಬಂದರು. ನಮ್ಮೂರಿನ ವೆಲ್ಡಿಂಗ್ ಅಂಗಡಿಯ ಮಲ್ಲಪ್ಪ ಟ್ರ್ಯಾಕ್ಟರ್ ಟ್ರೇಲರು, ಕಿಟಕಿಯ ಸರಳು ಬಿಟ್ಟರೆ ಬೇರೆ ಏನೂ ಮಾಡಿದವನಲ್ಲ. ಅವನಿಗೆ ದಿನಾ ವಿಡಿಯೋ ತೋರಿಸಿ ತೋರಿಸಿ ಕೆಲಸ ಮಾಡಿಸಿದರು. ಜೀಪಿನ ಮೇಲ್ಮಾಡು ಹೋಯಿತು. ಹಿಂದೆ ಟ್ರೇಲರಿನ ಗಾಲಿ ಬಂದವು, ಮುಂದೆ ಸಣ್ಣ ಕಾರಿನವು. ಗಾಡಿ ತಲೆ ತಗ್ಗಿಸಿದ ಹೋರಿಯ ಹಾಗೆ ಮುಂದಕ್ಕೆ ಬಾಗಿ ನಿಂತಿತು. ಎಂಜಿನ್ನಿನ ಎರಡೂ ಮಗ್ಗುಲಿಗೆ ಹೊಗೆಯ ಕೊಳವೆಗಳು ಹೊರಬಂದವು. ಅದು ಮೊದಲ ಸಲ ಚಾಲೂ ಆದಾಗ ನಮ್ಮ ಓಣಿಯ ಎಮ್ಮೆಗಳು ಹಗ್ಗ ಹರಿದುಕೊಂಡವು. ಕಾಕಾನ ಹೆಂಡತಿ ಕಾಕಿ ಬಾಗಿಲಿಗೆ ಬಂದು ನಿಂತು, ಇದರಲ್ಲಿ ನೀರು ತರಲಿಕ್ಕಾದರೂ ಬರುತ್ತದೇನು ಎಂದು ಕೇಳಿದರು. ಕಾಕಾ ಎಕ್ಸಿಲರೇಟರ್ ಇನ್ನಷ್ಟು ಒತ್ತಿದರು.

ಬಣ್ಣಕ್ಕೆ ಕುಂದಗೋಳದ ದಾವಲ್‌ಸಾಬನನ್ನು ಕರೆಸಿದರು. ಒಂದು ಕಾಲಕ್ಕೆ ಸುತ್ತಲಿನ ಎಲ್ಲ ಅಂಗಡಿಗಳ ಬೋರ್ಡು ಅವನ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಲಾರಿಯ ಹಿಂಬದಿಗೆ ಹೂವು, ಹದ್ದು ಬರೆದು ಹೊಟ್ಟೆ ಹೊರೆಯುತ್ತಿದ್ದ. ತನ್ನಷ್ಟು ಚೆನ್ನಾಗಿ ಹದ್ದು ಬರೆಯುವವರು ಹುಬ್ಬಳ್ಳಿಯಲ್ಲೂ ಇಲ್ಲವೆಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುವ ಚಟ ಬೇರೆ. ಅವನು ಹದ್ದು ಎಂದ. ಕಾಕಾ ನರಕ ಎಂದರು.

ನರಕವೆಂದರೆ ಪುರಾಣದ್ದಲ್ಲ, ಬಸ್ಸಿನ ಪ್ರಯಾಣಿಕರಿಗೆಂದೇ ಕಟ್ಟಿಸಿದ ನರಕ. ಇಷ್ಟು ವರ್ಷ ಕನ್ನಡಿಯಲ್ಲಿ ಕಂಡ ಪಾಪಿಗಳನ್ನೆಲ್ಲ ಕಾಕಾ ಒಬ್ಬೊಬ್ಬರನ್ನಾಗಿ ವಿಚಾರಣೆಗೆ ತೆಗೆದುಕೊಂಡರು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ನಮ್ಮ ಹಳೇ ಹೆಡ್ ಮಾಸ್ತರರು ಎಡಗಡೆಯ ಬಾಗಿಲಿನ ಮೇಲೆ ಕೆಂಪಗೆ ಕಾದ ಹಂಚಿನ ಮೇಲೆ ಅದೇ ಟವೆಲ್ ಹಾಸಿಕೊಂಡು ಕೂತರು. ಮೆಣಸಿನಕಾಯಿ ಚೀಲವನ್ನು ಸೀಟಿನ ಕೆಳಗೆ ತುರುಕಿ ಇಡೀ ಬಸ್ಸನ್ನು ಸೀನಿಸುತ್ತಿದ್ದ ವ್ಯಾಪಾರಿ ಬಲಗಡೆಯ ಬಾಗಿಲಿನ ಮೇಲೆ ಮೆಣಸಿನಕಾಯಿಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡ. ಪಂಚಾಯ್ತಿಯ ಮೆಂಬರನೊಬ್ಬ ತನ್ನ ಮನೆಯ ಬಾಗಿಲಿಗೇ ಬಸ್ಸು ನಿಲ್ಲಿಸು ಎನ್ನುತ್ತಿದ್ದ. ಅವನನ್ನು ಕೋಣನ ಬಾಲಕ್ಕೆ ಕಟ್ಟಿದ್ದರು, ಕೋಣ ನರಕದ ಪ್ರತಿ ಮನೆಯ ಮುಂದೂ ನಿಲ್ಲುತ್ತಿತ್ತು. ಗುಟಕಾ ಉಗುಳುತ್ತಿದ್ದ ದರ್ಜಿ, ಮುಂದಿನವರೆಲ್ಲ ಉಗುಳಿದ್ದು ಮುಖಕ್ಕೆ ಬೀಳುವ ಹಿಂದಿನ ಕಿಟಕಿಯಲ್ಲಿ ಕಾಯಂ ಕೂತಿದ್ದ. ಗಾಡಿಯ ಮೂತಿಗೆ ಮಲ್ಲಪ್ಪ ತಗಡಿನಲ್ಲಿ ಮಾಡಿ ಬೆಸೆದ ಕೋಣನ ತಲೆ, ಬೊನೆಟ್ಟಿನ ಮೇಲೆ ಯಮ, ಅವನ ಮಣಿಕಟ್ಟಿನ ಒಳಮಗ್ಗುಲಿಗೆ ಗಡಿಯಾರ.

ದಾವಲ್‌ಸಾಬ ಮುಖಗಳನ್ನು ಎಷ್ಟು ಹುಬೇಹೂಬು ಬರೆದಿದ್ದನೆಂದರೆ ಹೆಡ್ ಮಾಸ್ತರರ ಕಿವಿಯ ಕೂದಲನ್ನೂ ಬಿಟ್ಟಿರಲಿಲ್ಲ.

ಹೆಡ್ ಮಾಸ್ತರರ ಕೈಕೆಳಗೆ ಕೆಲಸ ಮಾಡಿದ ನಾನು ಆ ಬಾಗಿಲನ್ನು ನೋಡಲು ದಿನಾ ಒಂದು ನೆಪ ಮಾಡಿಕೊಂಡು ಹೋಗುತ್ತಿದ್ದೆ. ಜೊತೆಗೆ ನನ್ನ ಮುಖವನ್ನೂ ಹುಡುಕುತ್ತಿದ್ದೆ. ಎಲ್ಲೂ ಇರಲಿಲ್ಲ. ಕಡೆಗೆ ತಡೆಯಲಾಗದೆ ಕೇಳಿಯೇಬಿಟ್ಟೆ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಅಷ್ಟು ನೆನಪಿನ್ಯಾಗ ಉಳಿಲಿಲ್ಲರಿ, ಸರ” ಎಂದರು. ನರಕಕ್ಕೂ ಯೋಗ್ಯತೆ ಬೇಕೆಂದು ಅಂದು ತಿಳಿಯಿತು.

ಊರಿನಲ್ಲಿ ಗದ್ದಲವಾಯಿತು. ಮೆಂಬರ್ ಒಂದಷ್ಟು ಜನರನ್ನು ಕರೆದುಕೊಂಡು ಬಂದು ಬೈದು ಹೋದ. ಮೆಣಸಿನಕಾಯಿ ವ್ಯಾಪಾರಿ ಕಾಕಾನ ಮನೆಗೆ ಖಾರ ಕೊಡಬಾರದೆಂದು ತನ್ನ ಅಂಗಡಿಯಲ್ಲಿ ಹೇಳಿಟ್ಟ. ಹೆಡ್ ಮಾಸ್ತರರು ಓದಿದವರಾದ್ದರಿಂದ ಪೊಲೀಸ್ ಠಾಣೆಗೆ ಹೋದರು. ಅಲ್ಲಿಯ ಸಾಹೇಬರು ಬಂದು ಗಾಡಿಯ ಸುತ್ತ ನಿಧಾನವಾಗಿ ತಿರುಗಿ, ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು, ದೂರು ತೆಗೆದುಕೊಳ್ಳಲು ಅಡ್ಡಿಯಿಲ್ಲ, ಆದರೆ ಹಂಚಿನ ಮೇಲೆ ಕೂತು ಟವೆಲ್ ಹಾಸಿಕೊಂಡವನು ನಾನೇ ಎಂದು ತಾವು ಬರೆದುಕೊಡಬೇಕಾಗುತ್ತದೆ ಎಂದರು. ಹೆಡ್ ಮಾಸ್ತರರು ಪೆನ್ನು ತೆಗೆದವರು ಮತ್ತೆ ಜೇಬಿಗೆ ಇಟ್ಟುಕೊಂಡರು. ಅಂದಿನಿಂದ ಆ ಬಾಗಿಲಿನಲ್ಲಿರುವುದು ತಮ್ಮ ಹಾಗೆ ಕಾಣುವ ಬೇರೆ ಯಾರೋ ಎಂದು ಹೇಳತೊಡಗಿದರು.

ಆದರೆ ಆ ಗಾಡಿಯಲ್ಲಿ ಇನ್ನೊಂದು ಮುಖವಿತ್ತು. ಹಿಂಬದಿಯಲ್ಲಿ, ಅಗದಿ ಕೆಳಗೆ, ಬಂಪರಿಗೆ ತಾಗಿ. ಆ ಜಾಗದಲ್ಲಿ ಏನಾದರೂ ಬರೆ ಎಂದು ಕಾಕಾ ದಾವಲ್‌ಸಾಬನಿಗೇ ಬಿಟ್ಟು ಮಧ್ಯಾಹ್ನದ ನಿದ್ದೆಗೆ ಹೋಗಿದ್ದರು. ಅಲ್ಲಿ ಬ್ರೇಕಿಲ್ಲದ ಒಂದು ಬಸ್ಸು ಬೆಂಕಿಯ ದಾರಿಯಲ್ಲಿ ಓಡುತ್ತಿತ್ತು. ಸ್ಟೀರಿಂಗ್ ಕೆಂಡದ ಹಾಗೆ ಕಾದಿತ್ತು. ಎರಡೂ ಬದಿಗೆ ಜನ ಕೈ ಎತ್ತಿ ನಿಂತಿದ್ದರು. ನಿಲ್ಲಿಸಲಾಗದೆ ಬಾಯಿ ತೆರೆದುಕೊಂಡಿದ್ದ ಖಾಕಿ ಅಂಗಿಯ ಡ್ರೈವರನಿಗೆ ಕಾಕಾನದೇ ಮೀಸೆ, ಕಾಕಾನದೇ ಮೂಗು.

ವರ್ಷಗಟ್ಟಲೆ ಕ್ಲಚ್ ತುಳಿದು ಅವರ ಮಂಡಿ ಹೋಗಿದ್ದವು. ಅವರು ಬಗ್ಗುವವರಲ್ಲ, ಕುಕ್ಕರಗಾಲಿನಲ್ಲಿ ಕೂರುವವರಲ್ಲ. ಬಣ್ಣ ಒಣಗುವ ಮೊದಲೇ ಆ ಚಿತ್ರ ಊರಿಗೆಲ್ಲ ಗೊತ್ತಾಯಿತು. ಅವರಿಗೆ ಯಾರೂ ಹೇಳಲಿಲ್ಲ. ಹಗೆ ಸಾಧಿಸಲು ಬಂದವರೆಲ್ಲ ಗಾಡಿಯ ಹಿಂದೆ ಹೋಗಿ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನೋಡಿ, ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಊರು ಒಂದಾಗಿ ಗುಟ್ಟು ಕಾಪಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷ ಹುಬ್ಬಳ್ಳಿಯ ಮೈದಾನವೊಂದರಲ್ಲಿ ಹಳೆಯ ಗಾಡಿಗಳ ಪ್ರದರ್ಶನವಿತ್ತು. ನರಕದ ಗಾಡಿಗೆ ರಸ್ತೆಯ ಮೇಲೆ ಹೋಗುವ ಕಾಗದಪತ್ರ ಇರಲಿಲ್ಲವಾದ್ದರಿಂದ ಲಾರಿಯ ಮೇಲೆ ಏರಿಸಿಕೊಂಡು ಹೋದೆವು. ಕಾಕಾ ಹಳೆಯ ಖಾಕಿ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿ ತೊಟ್ಟಿದ್ದರು. ಸುತ್ತ ದೊಡ್ಡ ಮನೆತನದವರ ಮಿರಿಮಿರಿ ಮಿಂಚುವ ಕಾರುಗಳು, ಅವುಗಳ ಪಕ್ಕ ಕಪ್ಪು ಕನ್ನಡಕದ ಮಾಲೀಕರು. ಜನ ಮಾತ್ರ ನಮ್ಮ ಗಾಡಿಗೆ ಮುಗಿಬಿದ್ದಿದ್ದರು. ಪ್ರತಿಯೊಂದು ಪಾಪವನ್ನೂ ಕಾಕಾ ಬೆರಳಿಟ್ಟು ವಿವರಿಸಿದರು. ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಬಹುಮಾನ ಕೊಡುವವರ ಪೈಕಿ ಒಬ್ಬ ಹೆಣ್ಣುಮಗಳು ಗಾಡಿಯ ಹಿಂದೆ ಹೋಗಿ ಫೋಟೋ ಹಿಡಿದು ತಂದು, ಎಲ್ಲಕ್ಕಿಂತ ಇದೇ ತನಗೆ ಇಷ್ಟವಾಯಿತು, ತನ್ನನ್ನು ತಾನೇ ನರಕಕ್ಕೆ ಹಾಕಿಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ ಎಂದು ಮೊಬೈಲನ್ನು ಕಾಕಾನ ಮುಂದೆ ಹಿಡಿದರು. ಕಾಕಾ ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಸಂಜೆ ವಿಶೇಷ ಬಹುಮಾನವೆಂದು ಅವರ ಹೆಸರು ಕರೆದಾಗ ವೇದಿಕೆ ಹತ್ತಿ ಬೆಳ್ಳಿಬಣ್ಣದ ಕಪ್ ತೆಗೆದುಕೊಂಡರು. ಲಾರಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಶಿ ಬರುವತನಕ ಒಂದೇ ಒಂದು ಮಾತು ಕೇಳಿದರು.

“ನಿಮಗ ಗೊತ್ತಿತ್ತೇನ್ರಿ, ಸರ?”

ಊರಿಗೆಲ್ಲ ಗೊತ್ತು ಎಂದೆ.

ಮರುದಿನ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಕುಂದಗೋಳಕ್ಕೆ ಹೊರಟರು. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದರು. ದಾವಲ್‌ಸಾಬ ಮನೆಯ ಮುಂದೆ ಒಂದು ಲಾರಿಯ ಹಿಂಬಾಗಿಲಿಗೆ ಹದ್ದು ಬರೆಯುತ್ತಿದ್ದ. ಇವರನ್ನು ಕಂಡು ಬ್ರಷ್ಷನ್ನು ಡಬ್ಬಿಯಲ್ಲಿ ಇಟ್ಟು ಎದ್ದು ನಿಂತ. ಬರುವವರಿಗಾಗಿ ಕಾಯುತ್ತಿದ್ದವನ ಹಾಗೆ ಕಂಡ. ಕಾಕಾ ಬೈಗುಳದಿಂದಲೇ ಸುರುಮಾಡಿದರು. ತಮ್ಮ ಗಾಡಿಯ ಮೇಲೆ ತಮ್ಮನ್ನೇ ಬರೆಯುವಷ್ಟು ಸೊಕ್ಕು ಎಲ್ಲಿಂದ ಬಂತೆಂದು ಕೇಳಿದರು. ಅವನು ಎಲ್ಲ ಕೇಳಿಸಿಕೊಂಡು ಬಿಚ್ಚಿ ಹೇಳಿದ.

ಅವನ ತಾಯಿ ನವಲಗುಂದದ ಕಡೆ ಮಗಳ ಮನೆಯಲ್ಲಿ ತೀರಿಕೊಂಡಿದ್ದರು. ಸುದ್ದಿ ಬಂದಾಗ ಅವನು ಸಂಶಿಯಿಂದ ಕುಂದಗೋಳಕ್ಕೆ ಬರುವ ದಾರಿಯ ಒಂದು ಹಳ್ಳಿಯಲ್ಲಿ ಸೊಸೈಟಿಯ ಬೋರ್ಡು ಬರೆಯುತ್ತಿದ್ದ. ಓಡಿಬಂದು ರಸ್ತೆಗೆ ನಿಂತು ಎರಡೂ ಕೈ ಎತ್ತಿದ. ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ಡ್ರೈವರ್ ಅವನನ್ನು ನೋಡಿದರು, ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿದರು, ಹೋದರು. ಮುಂದಿನ ಗಾಡಿ ಹಿಡಿದು ಅವನು ಮುಟ್ಟುವಷ್ಟರಲ್ಲಿ ದಫನ್ ಮುಗಿದಿತ್ತು.

“ನಮ್ಮವ್ವಗ ಒಂದು ಮುಷ್ಟಿ ಮಣ್ಣು ಕೊಡಾಕ ಸಿಗಲಿಲ್ರಿ ನನಗ” ಎಂದ.

ಹೆಡ್ ಮಾಸ್ತರರ ಟವೆಲಿನ ಅಂಚಿನ ಬಣ್ಣ ಕೂಡ ನೆನಪಿದ್ದ ಮನುಷ್ಯ ಕಾಕಾ. ಹಣೆ ಗಂಟಿಕ್ಕಿ ಹುಡುಕಿದರು. ಕಡೆಗೆ, “ನನಗ ನೆನಪ ಇಲ್ಲೋ, ದಾವಲ್‌ಸಾಬ” ಎಂದರು.

“ನಿಮಗ ಹೆಂಗ ನೆನಪ ಇರತೈತ್ರಿ, ಸಾಹೇಬ್ರ. ನೀವು ಮುಂದ ಹೋದ್ರಿ. ನಿಂತಾಂವ ನಾನು.”

ಅಳಿಸು ಎಂದರೆ ಈಗಲೇ ಬಂದು ಅಳಿಸುವುದಾಗಿ ಅವನು ಹೇಳಿದ. ಆದರೆ ಅದೊಂದನ್ನೇ ಅಳಿಸುವುದಿಲ್ಲ, ಬಾಗಿಲಿನ ಮೇಲಿನವರನ್ನೂ ಅಳಿಸಬೇಕಾಗುತ್ತದೆ ಎಂದ. ಕಾಕಾ ಲಾರಿಯ ಮೇಲಿನ ಅರ್ಧ ಹದ್ದನ್ನು ನೋಡುತ್ತ ನಿಂತರು. ಆ ಹದ್ದಿಗೆ ಇನ್ನೂ ಕಣ್ಣು ಬರೆದಿರಲಿಲ್ಲ.

“ಅಳಸಬ್ಯಾಡ. ಅಲ್ಲಿ ಕೆಳಗ ನನಗ ಕಾಣೂದಿಲ್ಲ. ಅಂಥಾದ್ದ ಇನ್ನೊಂದನ್ನ ಸ್ಟೀರಿಂಗ್ ಮುಂದ ಬರಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಮೂಗು ಅಷ್ಟು ದಪ್ಪ ಬ್ಯಾಡ” ಎಂದೂ ಸೇರಿಸಿದರು.

ದಾವಲ್‌ಸಾಬ ಬಂದು ಬರೆದ. ಮೂಗನ್ನು ಸಣ್ಣದು ಮಾಡಲಿಲ್ಲ.

ಇದಾದ ಮೇಲೆ ಕಾಕಾ ಸುಧಾರಿಸಿದರೆಂದು ಬರೆದರೆ ಸುಳ್ಳಾಗುತ್ತದೆ. ಹೆಡ್ ಮಾಸ್ತರರನ್ನು ಹಂಚಿನ ಮೇಲಿಂದ ಇಳಿಸಲಿಲ್ಲ. ಮೆಂಬರನನ್ನು ಕೋಣನ ಬಾಲದಿಂದ ಬಿಚ್ಚಲಿಲ್ಲ. ಒಂದು ಹೊಸ ಚಟ ಮಾತ್ರ ಹತ್ತಿತು. ದಿನಾ ಬೆಳಿಗ್ಗೆ ಗಾಡಿ ತೆಗೆದು ಊರ ಸುತ್ತಲಿನ ಹೊಲದ ರಸ್ತೆಗಳಲ್ಲಿ ಹೋಗುವುದು, ದಾರಿಯಲ್ಲಿ ಕಂಡವರ ಮುಂದೆಲ್ಲ ನಿಲ್ಲಿಸುವುದು. ಕೈ ಎತ್ತಿದರೂ ನಿಲ್ಲಿಸುತ್ತಿದ್ದರು, ಎತ್ತದಿದ್ದರೂ ನಿಲ್ಲಿಸುತ್ತಿದ್ದರು. “ಹತ್ರಿ, ಬಿಟ್ಟು ಬರ್ತೀನಿ” ಎನ್ನುತ್ತಿದ್ದರು. ಯಮನ ಬೆನ್ನ ಹಿಂದೆ ಕೂತು ಹೊಲಕ್ಕೆ ಹೋಗಲು ಯಾರು ಒಪ್ಪುತ್ತಾರೆ? ಕಳೆ ತೆಗೆಯಲು ಹೊರಟ ಹೆಂಗಸರು ದೂರದಿಂದ ಆ ಸದ್ದು ಕೇಳಿದೊಡನೆ ಜೋಳದ ಹೊಲಕ್ಕೆ ಇಳಿದುಬಿಡುತ್ತಿದ್ದರು. ಗಂಡಸರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು, ಅಪ್ಪಿತಪ್ಪಿ ಎತ್ತಿದ ಹಾಗೆ ಕಂಡೀತೆಂದು. ಒಮ್ಮೆ ಒಬ್ಬ ಕುಡುಕ ಹತ್ತಿದ. ಅರ್ಧ ದಾರಿಗೆ ಅಮಲು ಇಳಿದು, ಪಕ್ಕದ ಬಾಗಿಲಿನಲ್ಲಿ ಹೆಡ್ ಮಾಸ್ತರರು ಸುಡುತ್ತಿರುವುದನ್ನು ಕಂಡು, ಚಲಿಸುವ ಗಾಡಿಯಿಂದ ಹಾರಿ ಓಡಿಹೋದ. ಕುಡಿಯುವುದನ್ನು ಬಿಟ್ಟನೆಂದು ಅವನ ಹೆಂಡತಿ ಕಾಕಿಗೆ ಸೀರೆ ಕೊಟ್ಟಳು.

ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. ಯಾರೂ ಹತ್ತದಿದ್ದರೂ ಒಂದಿಷ್ಟು ಹೊತ್ತು ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದರು, ಆಮೇಲೆ ಗೇರು ಹಾಕುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ದಾವಲ್‌ಸಾಬ ಬರುತ್ತಿದ್ದ. ಬಿಸಿಲಿಗೆ ಬಣ್ಣ ಎದ್ದ ಕಡೆ ತಿದ್ದುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಹದ್ದಿನ ರೆಕ್ಕೆಯ ಬಗ್ಗೆಯೋ ಹೊಗೆಯ ಕೊಳವೆಯ ಬಗ್ಗೆಯೋ ಜಗಳ ಆಡುತ್ತಿದ್ದರು. ಆ ಇನ್ನೊಂದು ವಿಷಯ ಮತ್ತೆ ಬರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣಿಗೆ ಇಡೀ ಊರು ಬಂದಿತ್ತು. ಹಿರಿಯರು, ಮೊಮ್ಮಕ್ಕಳು ಎಂದು ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ದಾವಲ್‌ಸಾಬ ಮುಂದೆ ಬಂದ. ಬೊಗಸೆ ತುಂಬ ಹಾಕಿದ. ಕೈ ಝಾಡಿಸಿಕೊಳ್ಳದೆ ಹಾಗೇ ಬಸ್ ನಿಲ್ದಾಣದ ಕಡೆ ಹೋದ.

ಆಮೇಲೆ ಗಾಡಿಯ ಮಾತು ಬಂತು. ಕಾಕಿ ಅದನ್ನು ಗುಜರಿಗೆ ಕೊಡುವ ವಿಚಾರದಲ್ಲಿದ್ದರು. ಸುದ್ದಿ ಹಬ್ಬಿದ ಸಂಜೆಯೇ ಮೆಣಸಿನಕಾಯಿ ವ್ಯಾಪಾರಿ ಬಂದ. ಕಾಕಾನ ನೆನಪಿಗೆಂದು ಬಲಗಡೆಯ ಬಾಗಿಲು ಬಿಚ್ಚಿಕೊಂಡು ಹೋಗಲೇ ಎಂದು ಕೇಳಿದ. ಮರುದಿನ ದರ್ಜಿ ಬಂದ. ಮೆಂಬರ್ ಬಂದ. ಕಡೆಗೆ ಹೆಡ್ ಮಾಸ್ತರರೇ ಕೋಲು ಊರಿಕೊಂಡು ಬಂದು ಎಡಗಡೆಯ ಬಾಗಿಲಿನ ಮುಂದೆ ನಿಂತು, ಮನೆಯ ಪಡಸಾಲೆಗೆ ಹೊಂದುತ್ತದೆ, ಹೇಗಿದ್ದರೂ ಗುಜರಿಗೆ ಹೋಗುವುದಲ್ಲವೇ ಎಂದರು. ಬಾಗಿಲಿನಲ್ಲಿ ಇರುವುದು ಬೇರೆ ಯಾರೋ ಅಲ್ಲವೇ ಎಂದು ನಾನು ನೆನಪಿಸಿದೆ. ಅವರಿಗೆ ಈಚೆಗೆ ಕಿವಿ ಮಂದವಾಗಿತ್ತು.

ಕಾಕಿ ಎಲ್ಲರನ್ನೂ ಒಂದೇ ದಿನ ಬರಲು ಹೇಳಿದರು. ಬಂದರು. ಮಲ್ಲಪ್ಪನೂ ಸ್ಪ್ಯಾನರ್ ಹಿಡಿದು ಬಂದಿದ್ದ. ಕಾಕಿ ಅವನ ಕೈಗೆ ಗಾಡಿಯ ಕೀಲಿ ಕೊಟ್ಟರು.

“ಅವರು ಇದ್ದಾಗ ದಿನಾ ನಿಲ್ಲಿಸಿ ಕರದ್ರು. ನಿಮ್ಮಾಗ ಒಬ್ರೂ ಹತ್ತಲಿಲ್ಲ. ಇವತ್ತು ಹತ್ರಿ. ಊರಾಗ ಒಂದು ಸುತ್ತು ಬಂದು ಆಮ್ಯಾಲ ಏನು ಬೇಕೋ ಬಿಚ್ಚಿಕೊಂಡು ಹೋಗ್ರಿ” ಎಂದರು.

ಯಾರೂ ಅಲುಗಾಡಲಿಲ್ಲ. ಕಾಕಿ ಸೆರಗು ಸಿಗಿಸಿಕೊಂಡು ತಾವೇ ಮೊದಲು ಮುಂದಿನ ಸೀಟಿಗೆ ಹತ್ತಿ ಕೂತರು. ಇನ್ನು ಬೇರೆ ದಾರಿ ಇರಲಿಲ್ಲ. ಹೆಡ್ ಮಾಸ್ತರರನ್ನು ಇಬ್ಬರು ಎತ್ತಿ ಕೂರಿಸಿದೆವು. ಗಾಡಿ ಚಾಲೂ ಆಯಿತು. ಎಮ್ಮೆಗಳು ಮತ್ತೆ ಒದ್ದಾಡಿದವು. ಬಜಾರದ ತುಂಬ ಜನ ಅಂಗಡಿಯಿಂದ ಇಳಿದು ಬಂದು ಗಾಡಿಯ ಮೇಲೆ ಬರೆದ ಮುಖವನ್ನೂ ಒಳಗೆ ಕೂತ ಮುಖವನ್ನೂ ಹೋಲಿಸಿ ನೋಡಿದರು. ದರ್ಜಿಗೆ ವಯಸ್ಸಾಗಿದೆ ಎಂದರು, ವ್ಯಾಪಾರಿ ಇನ್ನೂ ಹಾಗೇ ಇದ್ದಾನೆ ಎಂದರು. ಮೆಂಬರ್ ಮೊದಲು ಮುಖ ಕೆಳಗೆ ಹಾಕಿ ಕೂತಿದ್ದ. ಜನ ಮೊಬೈಲು ಹಿಡಿದದ್ದು ಕಂಡು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡತೊಡಗಿದ. ಕಾಕಿ ಹಿಂದೆ ತಿರುಗಲಿಲ್ಲ. ಸ್ಟೀರಿಂಗಿನ ಮುಂದೆ ಬರೆದಿದ್ದ ಆ ಸಣ್ಣ ಮುಖದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದ್ದನ್ನು ಬಿಟ್ಟರೆ ಕೈಯನ್ನೂ ಆಡಿಸಲಿಲ್ಲ.

ಸುತ್ತು ಮುಗಿದು ಗಾಡಿ ಅಂಗಳಕ್ಕೆ ಬಂದು ನಿಂತಿತು. ಮಲ್ಲಪ್ಪ ಸ್ಪ್ಯಾನರ್ ತೆಗೆದುಕೊಂಡು, ಯಾರದು ಮೊದಲು ಬಿಚ್ಚಲಿ ಎಂದು ಕೇಳಿದ. ಯಾರೂ ಇಳಿಯಲಿಲ್ಲ. ಹೆಡ್ ಮಾಸ್ತರರು ಕೆದರಿದ ಕೂದಲನ್ನು ಸರಿಮಾಡಿಕೊಂಡು, ಸೀಟಿನ ಮೇಲೆ ಸ್ವಲ್ಪ ಸರಿದು ಕೂತು, “ಇರ್ಲಿ ಬಿಡ್ರಿ, ಅಕ್ಕಾರ. ಗುಜರಿಗೆ ಏನ್ ಅವಸರ ಐತಿ. ಬರೂ ವಾರ ಸ್ಟೇಷನ್ ರೋಡ್ ಹಿಡದು ಹೋಗೂಣು” ಎಂದರು.